ಪಾಪಕ್ಕ ಬೈದ ನಂಬರು

ನರಸಿಂಹರಾಜು ತೀರಿಕೊಂಡ ಸುದ್ದಿಯನ್ನು ನಮ್ಮೂರಿನಲ್ಲಿ ಮೊದಲಿಗೆ ಯಾರೂ ನಂಬಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಮಗಳು ಶ್ರೀಲತಾಳ ಫೋನು ಚಾರ್ಜು ಮುಗಿದು ಆರಿಹೋಗಿತ್ತು. ಪಕ್ಕದ ಹಾಸಿಗೆಯ ರೋಗಿಯ ಕಡೆಯವರ ಫೋನು ಕೇಳಿ ಪಡೆದು, ನೆನಪಿದ್ದ ಕೆಲವು ನಂಬರುಗಳಿಗೆ ಅವಳು ಒಂದು ಸಾಲು ಕಳಿಸಿದಳು: "ಅಪ್ಪ, ಡೇರಿ ನರಸಿಂಹರಾಜು, ಹೋಗಿಬಿಟ್ಟರು. ಊರಲ್ಲಿ ತಿಳಿಸಿ." ಗೊತ್ತಿಲ್ಲದ ನಂಬರು, ಕಳಿಸಿದವರ ಹೆಸರಿಲ್ಲ. ಡೇರಿಗೆ ಹಾಲು ಹಾಕುವ ಚಿಕ್ಕನರಸಯ್ಯ ಓದಿ ಅಳಿಸಿಹಾಕಿದ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರಿಗೂ ಹೇಳಿದ: "ಯಾವನೋ ನಮ್ ಸೆಕ್ರೆಟ್ರಿ ಸತ್ತೋದ ಅಂತ ಮೆಸೇಜ್ ಬುಟ್ಟವ್ನೆ ಕಣ್ರಲಾ. ಇನ್ನೊಂದ್ ಗಳಿಗೆಗೆ ಆಸ್ಪತ್ರೆ ಬಿಲ್ ಕಟ್ಟಿ ಅಂತಾನೆ, ನೋಡ್ತಿರಿ." ಕೆಲವರು ನಕ್ಕರು.

ಅದೇ ಮೆಸೇಜು, ಹಾಲು ಹಾಕಲು ಬಂದಿದ್ದ ಪಾಪಕ್ಕನ ಫೋನಿಗೂ ಬಂದಿತ್ತು. ಅವಳು ನಗಲೂ ಇಲ್ಲ, ಅಳಿಸಲೂ ಇಲ್ಲ. ಮೊದಲು ಶ್ರೀಲತಾಳ ನಂಬರಿಗೆ ಮಾಡಿದಳು, ಹೋಗಲಿಲ್ಲ. ನರಸಿಂಹರಾಜುವಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ಆಮೇಲೆ ಆ ಗೊತ್ತಿಲ್ಲದ ನಂಬರಿಗೇ ಮಾಡಿ, "ಯಾರವ್ವ ನೀನು? ರಾಜು ನಿಂಗೇನಾಗ್ಬೇಕು?" ಎಂದು ಕೇಳಿದಳು. ಆ ಕಡೆಯಿಂದ ಬಂದ ಶ್ರೀಲತಾಳ ದನಿಯನ್ನು ಕೇಳುತ್ತ ಡೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ನಿಂತಿದ್ದವರು ಕ್ಯಾನು ಕೆಳಗಿಟ್ಟು ಅವಳ ಸುತ್ತ ಕೂತಿದ್ದರು.

ಹಿಂದೆಮುಂದೆ ನೋಡದೆ ಬೈಯುವುದಕ್ಕೆ ಹೆಸರಾಗಿದ್ದ ಪಾಪಕ್ಕ ಅವತ್ತು ತಿರುಗಿ ಕೇಳಿದ್ದಕ್ಕೆ ಒಂದು ಕಾರಣವಿದೆ. ರಾಜು ಹೋದಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಪುಸ್ತಕ ತೆಗೆದರೆ ಅದೇ ಪುಟದಲ್ಲಿ ಇರುತ್ತೇನೆ. ಹಾಗಾಗಿ ಇದನ್ನಾದರೂ ಬರೆಯೋಣ ಎಂದುಕೊಂಡೆ.

ನಾವಿಬ್ಬರೂ ದೊಡ್ಡೇರಿ ಹೋಬಳಿಯ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಮಧುಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರಾದೆ, ಅವನು ಊರಿನ ಡೇರಿಯ ಸೆಕ್ರೆಟರಿಯಾದ. ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುವುದು, ಫ್ಯಾಟ್ ನೋಡುವುದು, ಹಿಂಡಿ ಮೂಟೆ ತರಿಸುವುದು, ಹಸುಗಳಿಗೆ ಲಸಿಕೆ ಹಾಕುವವರು ಬಂದರೆ ಡೇರಿಯ ಮೇಲಿನ ಮೈಕಿನಲ್ಲಿ ಕೂಗುವುದು ಅವನ ಕೆಲಸ. ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದ, ಯಾರೋ ಕರೆದರೆ ಏಳಬೇಕು ಎಂಬಂತೆ. "ಏನ್ಲಾ, ಎಲೆ ಮುಂದೆ ಓಟದ ಪಂದ್ಯ ಇಟ್ಟವ್ರಾ?" ಎಂದು ನಾನು ಕೇಳಿದರೆ, "ನೀನು ಪಾಠ ಮಾಡ್ಕೊಂಡು ಕುಂತ್ಕೊಳಪ್ಪ ಗೌರೀಶ, ಹಾಲು ಕಾಯಲ್ಲ, ಒಡ್ದೋಯ್ತದೆ" ಎನ್ನುತ್ತಿದ್ದ.

ಕಳ್ಳ ಮೆಸೇಜುಗಳ ಹಿಂದೆ ಅವನು ಬಿದ್ದದ್ದು ಚಿಕ್ಕನರಸಯ್ಯನಿಂದ. ಕರೆಂಟ್ ಬಿಲ್ಲು ಬಾಕಿಯಿದೆ, ಇವತ್ತೇ ಲೈನು ಕಟ್ಟಾಗುತ್ತದೆ, ಕೆಳಗಿನ ಲಿಂಕು ಒತ್ತಿ ಎಂದು ಅವನಿಗೆ ಬಂದಿತ್ತು. ಹೂವಿನ ಬೆಳೆಗೆ ನೀರು ಹಾಯುತ್ತಿದ್ದ ಕಾಲ, ಹೆದರಿ ಒತ್ತಿದ. ಹಾಲಿನ ಬಟವಾಡೆ ಪೂರ್ತಿ ಹೋಯಿತು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಕೊನೆಗೆ ರಾಜು ಅವನನ್ನು ಮಧುಗಿರಿ ಠಾಣೆಗೆ ಕರೆದುಕೊಂಡು ಹೋದಾಗ ಅಲ್ಲಿನವರು, ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದ್ದರೆ ದಾರಿಯಲ್ಲೇ ತಡೆಯಲು ನೋಡಬಹುದಿತ್ತು, ಈಗ ತಡವಾಯಿತು ಎಂದರು. ವಾಪಸು ಬರುವಾಗ ರಾಜುವಿನದು ದಾರಿಯುದ್ದಕ್ಕೂ ಒಂದೇ ಮಾತು: "ನಾಚ್ಕೆ ಪಟ್ಕೊಂಡು ದುಡ್ಡು ಕಳ್ಕೊಂಡ್ಯಲ್ಲಲೇ. ನಾಚ್ಕೆ ಪಡಬೇಕಾದೋನು ಆ ಕಳ್ಳ ಅಲ್ವಾ?"

ಮಾರನೆಯ ದಿನದಿಂದ ಮೈಕಿನಲ್ಲಿ ಹಿಂಡಿಯ ಜೊತೆಗೆ ಹೊಸ ಸುದ್ದಿಯೂ ಶುರುವಾಯಿತು. ಹಾಲು ಹಾಕಲು ಬಂದವರು ಫೋನು ಚಾಚುವರು, ಅವನು ಓದುವನು. ಹತ್ತಂಕಿಯ ಖಾಸಗಿ ನಂಬರು, ಈಗಲೇ ಮಾಡು ಎನ್ನುವ ಅವಸರ, ಆಧಾರೋ ಓಟಿಪಿಯೋ ಕೇಳುವುದು, ಇವು ಮೂರೂ ಕೂಡಿದರೆ ಕಳ್ಳ ಎಂದು ಅವನ ತೀರ್ಪು. ಸರ್ಕಾರದ ಮೆಸೇಜಾದರೆ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ 'ಜಿ' ಇರುತ್ತದೆ ಎಂದು ಎಲ್ಲಿಂದಲೋ ತಿಳಿದುಕೊಂಡು ಅದನ್ನೂ ಹೇಳಿಕೊಟ್ಟ. ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ದೂರು ಹಾಕಿಸುತ್ತಿದ್ದ. ಆಮೇಲೆ ಮೈಕು ಹಿಡಿದು, "ಗಮನಿಸಿ, ಗಮನಿಸಿ, ಈ ನಂಬರು ಕಳ್ಳರದು" ಎಂದು ಅಂಕಿ ಅಂಕಿಯಾಗಿ ಸಾರುತ್ತಿದ್ದ. ಗಾಳಿ ಅನುಕೂಲವಿದ್ದರೆ ಪಕ್ಕದ ಊರಿಗೂ ಕೇಳುತ್ತಿತ್ತು.

ಮುಂದಿನದು ಅವನು ಹೇಳಿಕೊಟ್ಟದ್ದಲ್ಲ. ನಮ್ಮ ಕಡೆ ಕೋಳಿ ಕಳುವಾದರೆ ಹೆಂಗಸರು ಬೀದಿಯ ನಡುವೆ ನಿಂತು, ಕದ್ದವನು ಯಾವ ಮನೆಯಲ್ಲಿದ್ದರೂ ಕಿವಿಗೆ ಬೀಳಲಿ ಎಂದು ಹೊತ್ತು ಮುಳುಗುವವರೆಗೆ ಬೈಯುತ್ತಾರೆ. ಕೋಳಿ ಬರುವುದಿಲ್ಲ, ಹೊಟ್ಟೆಯುರಿ ತಣಿಯುತ್ತದೆ. ಈಗ ಕಳ್ಳನ ನಂಬರೇ ಕೈಗೆ ಸಿಕ್ಕರೆ ಬಿಟ್ಟಾರೆಯೇ? ಮೈಕು ನಿಂತ ಕೂಡಲೇ ಒಬ್ಬೊಬ್ಬರಾಗಿ ಆ ನಂಬರಿಗೆ ಫೋನು ಹಚ್ಚುವುದು ರೂಢಿಯಾಯಿತು. ಅದರಲ್ಲಿ ಪಾಪಕ್ಕ ಮುಂದು. ಅವಳು ಶುರು ಮಾಡಿದರೆ ಸ್ಪೀಕರಿಗೆ ಹಾಕಿ ಉಳಿದವರು ಸುತ್ತ ನಿಲ್ಲುತ್ತಿದ್ದರು. "ಫೋನ್ ಮಾಡ್ಬಾರ್ದು ಪಾಪಕ್ಕ, ದೂರು ಕೊಟ್ರೆ ಸಾಕು" ಎಂದು ರಾಜು ಹೇಳುತ್ತಿದ್ದ. ಹೇಳಿ, ತಾನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಪಾಪಕ್ಕನ ಮೊಮ್ಮಗಳು ಸಹನಾ ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಮಧುಗಿರಿಯ ಕಾಲೇಜಿಗೆ ಸೇರಿದ್ದಳು. ಸಂಜೆ ಕ್ಲಾಸು ಮುಗಿಯುವ ಹೊತ್ತಿಗೆ ಊರ ಕಡೆ ಬಸ್ಸಿಲ್ಲ. ಹುಡುಗಿಯರ ಹಾಸ್ಟೆಲಿಗೆ ಅರ್ಜಿ ಹಾಕಿದ್ದರು. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಪ್ಪ ಕದಿರಯ್ಯ ಕೆಟ್ಟವನಲ್ಲ, ದಣಿದವನು. "ಹಾಸ್ಟೆಲ್ ಸಿಕ್ರೆ ಓದ್ಲಿ. ಸಿಗದಿದ್ರೆ ಗಾರ್ಮೆಂಟ್ಸ್ ವ್ಯಾನ್ ಮನೆ ಮುಂದೇನೇ ಬತ್ತದೆ, ಹತ್ಲಿ" ಎಂದುಬಿಟ್ಟಿದ್ದ. ಪಾಪಕ್ಕ ಮಗನ ಜೊತೆ ಮಾತು ಬಿಟ್ಟಿದ್ದಳು. ಸಹನಾ ಪಾವಗಡದ ಆಚೆ ಚಿಕ್ಕಮ್ಮ ನರಸಮ್ಮನ ಊರಿಗೆ ಕಡ್ಲೆಕಾಯಿ ಬಿತ್ತನೆಗೆ ಸಹಾಯಕ್ಕೆಂದು ಹೋಗಿದ್ದಳು.

ಆಗ ಪಾಪಕ್ಕನ ಫೋನಿಗೆ ಒಂದು ಮೆಸೇಜು ಬಂತು. "ಸಹನಾ, ತಂದೆ ಕದಿರಯ್ಯ, ಹಾಸ್ಟೆಲ್ ಸೀಟ್ ಸೆಲೆಕ್ಟ್ ಆಗಿದೆ. ನಾಳೆ ಸಂಜೆ ಒಳಗೆ ಹುಡುಗಿ ಬಂದು ಸೈನ್ ಮಾಡಬೇಕು. ಇಲ್ಲದಿದ್ದರೆ ಕ್ಯಾನ್ಸಲ್. ಆಧಾರ್ ಫೋಟೋ ಈ ನಂಬರಿಗೆ ಕಳಿಸಿ."

ರಾಜು ಅದನ್ನು ಡೇರಿಯಲ್ಲಿ ಓದಿ ಉರಿದುಬಿದ್ದ. ಹತ್ತಂಕಿ ನಂಬರು, ಅವಸರ, ಆಧಾರು. ಮೂರೂ ಇದ್ದವು.

"ಅಲ್ಲ ರಾಜು, ಮಗೀನ ಹೆಸ್ರು, ಅವರಪ್ಪನ ಹೆಸ್ರು ಎಲ್ಲಾ ಹಾಕವ್ನಲ್ಲ?" ಎಂದಳು ಪಾಪಕ್ಕ.

"ಹೆಸ್ರೇನು ಪಾಪಕ್ಕ, ನಮ್ ಹೆಸ್ರುಗಳೆಲ್ಲ ಸಂತೇಲಿ ಬದನೆಕಾಯಿ ಮಾರ್ದಂಗೆ ಮಾರಾಟ ಆಗೋಗವೆ. ಹೆಣ್ಮಕ್ಕಳ ಓದನ್ನೂ ಬುಡಲ್ಲ ಅಂದ್ರೆ ಇವ್ರಿಗೆ ಯಾವ ನರಕ ಸಾಲ್ತದೆ?"

ದೂರು ಹಾಕಿಸಿದ. ಮೈಕಿನಲ್ಲಿ ನಂಬರು ಸಾರಿದ. ಅವತ್ತು ಪಾಪಕ್ಕ ಬೈದ ಹಾಗೆ ಅದಕ್ಕೆ ಮೊದಲು ಎಂದೂ ಬೈದಿರಲಿಲ್ಲವಂತೆ. ಮೊಮ್ಮಗಳ ಆಸೆಯನ್ನು ಎತ್ತಿ ಆಡಿಸಿದವನು ಎಂಬ ಸಿಟ್ಟು. "ನೀನು ತಿನ್ನೋ ಅನ್ನ ಮಣ್ಣಾಗ, ನಿನ್ನ ನಾಲ್ಗೆ ಸೇದೋಗ, ನಿಮ್ಮವ್ವ ನಿನ್ನ ಯಾವ್ ಗಳಿಗೇಲಿ ಹೆತ್ಲೋ" ಎಂದು ಶುರುವಾದದ್ದು, ಆ ಕಡೆಯವನು ಇಟ್ಟರೂ ಮತ್ತೆ ಮಾಡಿ ಮುಂದುವರಿಯಿತು. ಉಳಿದವರೂ ಕೈ ಸೇರಿಸಿದರು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಹಾಸ್ಟೆಲಿನ ಗೇಟಿಗೆ ಒಂದು ಪಟ್ಟಿ ಅಂಟಿಸಿದ್ದು ಕಂಡಿತು. ಸಹನಾಳ ಹೆಸರು ಅದರಲ್ಲಿತ್ತು. ಮೆಸೇಜಿನ ವಿಷಯ ನನಗೆ ಗೊತ್ತಿರಲಿಲ್ಲ. ಖುಷಿಯಿಂದ ರಾಜುವಿಗೆ ಫೋನು ಮಾಡಿದೆ. ಆ ಕಡೆ ಹಾಲಿನ ಕ್ಯಾನು ಕೆಳಗಿಟ್ಟ ಸದ್ದಾಯಿತು.

"ರಾಜು, ಕೇಳುಸ್ತಾ?"

"ಕೇಳುಸ್ತು ಕಣ್ಲಾ" ಎಂದ. "ಕೆಳಗೆ ಸಹಿ ಮಾಡಿರೋರ ನಂಬರ್ ಐತಾ? ಓದು."

ಓದಿದೆ. "ಅಲ್ಲೇ ಇರು, ಬಂದೆ" ಎಂದು ಅವನು ಫೋನು ಇಟ್ಟುಬಿಟ್ಟ.

ಸ್ವಲ್ಪ ಹೊತ್ತಿಗೆಲ್ಲ ಪಾಪಕ್ಕನನ್ನು ಹಿಂದೆ ಕೂರಿಸಿಕೊಂಡು ಅವನ ಟಿವಿಎಸ್ ಹಾಸ್ಟೆಲಿನ ಮುಂದೆ ಬಂದು ನಿಂತಿತು. ಹೆಲ್ಮೆಟ್ಟು ಇರಲಿಲ್ಲ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಒಳಗೆ ಚೇತನ್ ಕುಮಾರ್ ಎಂಬ ಹುಡುಗ ಕಂಪ್ಯೂಟರಿನ ಮುಂದೆ ಕೂತಿದ್ದ. ಹೊರಗುತ್ತಿಗೆಯ ಕೆಲಸ, ಕಚೇರಿಯ ಫೋನಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಇದೇನು ಹೊಸದಲ್ಲ, ಅರ್ಧ ಕೆಲಸ ನಡೆಯುವುದೇ ಗುಮಾಸ್ತರ ಸ್ವಂತ ನಂಬರಿನಿಂದ. ನಮ್ಮ ಶಾಲೆಯಿಂದ ಪೋಷಕರಿಗೆ ಹೋಗುವ ಮೆಸೇಜುಗಳೂ ನನ್ನ ಫೋನಿನಿಂದಲೇ ಹೋಗುತ್ತವೆ.

ರಾಜು ನಮಸ್ಕಾರ ಹೇಳಿ ವಿಷಯ ಶುರು ಮಾಡುವುದರೊಳಗೆ ಪಾಪಕ್ಕ, "ಸಾಮಿ, ನಮ್ ಮಗೀನ ಸೀಟು" ಎಂದಳು. ಹುಡುಗ ತಲೆ ಎತ್ತಿದ.

"ಇನ್ನೊಂದ್ಸಲ ಮಾತಾಡಿ ಅಜ್ಜಿ."

"ಸೀಟು ಸಾಮಿ…"

"ನೀವೇ! ನನ್ ನಾಲಗೆ ಸೇದೋಗ್ಲಿ ಅಂದೋರು ನೀವೇ ಅಲ್ವಾ? ನಮ್ಮಮ್ಮ ಪಕ್ಕದಲ್ಲೇ ಕೂತು ಮುದ್ದೆ ತಿನ್ತಿದ್ರು, ಎಲ್ಲಾ ಕೇಳಿಸ್ಕೊಂಡ್ರು." ರಾಜುವಿನ ಕಡೆ ತಿರುಗಿದ. "ಮೈಕಲ್ಲಿ ಕೂಗಿದ್ದು ಯಾರ್ರೀ? ಈಗ ನಾನು ಯಾರಿಗೆ ಫೋನ್ ಮಾಡಿದ್ರೂ ಕೆಂಪಗೆ ಸ್ಪ್ಯಾಮ್ ಅಂತ ಬರುತ್ತಂತೆ. ಹುಡುಗೀರ ಮನೆಯೋರು ಒಬ್ರೂ ಎತ್ತುತಿಲ್ಲ."

"ನಾನೇ ಸಾರ್" ಎಂದ ರಾಜು. "ಬೈಯ್ರಿ. ಆದ್ರೆ ಹುಡುಗೀನ ಸೀಟು ಉಳಿಸ್ಬುಡಿ."

ವಾರ್ಡನ್ ಗಂಗಾಂಬಿಕಾ ಮೇಡಂ ಒಳಗಿಂದ ಬಂದರು. ನೇರ ಮಾತಿನ ಹೆಂಗಸು. ಕಚೇರಿ ಮುಚ್ಚುವುದರೊಳಗೆ ಹುಡುಗಿಯೇ ಬಂದು ಸಹಿ ಮಾಡಬೇಕು, ಬಾರದಿದ್ದರೆ ಕಾಯುವ ಪಟ್ಟಿಯ ಮೊದಲ ಹೆಸರಿಗೆ ಹೋಗುತ್ತದೆ ಎಂದರು. ಕಣ್ಣಿನಲ್ಲೇ ಹೊರಗಿನ ಬೆಂಚು ತೋರಿಸಿದರು. ಅಲ್ಲಿ ಕೊರಟಗೆರೆ ಕಡೆಯ ದೊಡ್ಡಹನುಮಯ್ಯ ಎಂಬುವನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಲ ಬಳಿ ಹಾಸಿಗೆ ಸುರುಳಿ, ಟ್ರಂಕು ಇಟ್ಟುಕೊಂಡು ಕಾಯುತ್ತಿದ್ದ. ಬರಬೇಕಾದ ಹುಡುಗಿ ಬಾರದಿರಲಿ ಎಂದು ಬಂದವನು. ನಮ್ಮನ್ನು ನೋಡಿ ಅವನು ಮುಖ ಬೇರೆ ಕಡೆ ಮಾಡಿದ.

ನರಸಮ್ಮನ ಫೋನು ಸಿಗಲಿಲ್ಲ. ಹೊಲದಲ್ಲಿ ಸಿಗ್ನಲ್ ಬರುವುದಿಲ್ಲವಂತೆ. "ನೀವು ಹೋಗಿ ಮಗೀನ ಕರ್ಕಂಬನ್ನಿ. ನಾನು ಇಲ್ಲೇ ಕುಂತಿರ್ತೀನಿ, ಅದ್ಯಾರು ನಮ್ ಜಾಗಕ್ಕೆ ಬತ್ತಾರೋ ನೋಡ್ತೀನಿ" ಎಂದು ಪಾಪಕ್ಕ ಹೋಗಿ ಅದೇ ಬೆಂಚಿನ ಈ ತುದಿಯಲ್ಲಿ ಕೂತಳು. ನಾನು ಶಾಲೆಗೆ ರಜೆ ಹೇಳಿದೆ.

ರಾಜುವನ್ನು ನನ್ನ ಬೈಕಿನಲ್ಲಿ ಕೂರಿಸಿಕೊಂಡು ಪಾವಗಡದ ದಾರಿ ಹಿಡಿದೆ. ಹಿಂದಿನಿಂದ ಅವನ ಮಂಡಿ ನನ್ನ ಸೊಂಟಕ್ಕೆ ಒತ್ತುತ್ತಲೇ ಇತ್ತು, ಕುದುರೆ ಓಡಿಸುವವನ ಹಾಗೆ. ಮಿಡಿಗೇಶಿ ದಾಟಿದ ಮೇಲೆ ಗಾಳಿಯಲ್ಲಿ ಕೂಗಿದ: "ಲೇ ಗೌರೀಶ, ಇದೊಂದೇ ಅಂತ ಹೆಂಗ್ ಹೇಳ್ತೀಯ? ಇದಕ್ ಮುಂಚೆ ಎಷ್ಟೋ ಮೆಸೇಜ್ ಅಳಿಸಾಕ್ಸಿದೀನಿ. ಅದ್ರಲ್ಲಿ ನಿಜ ಎಷ್ಟಿದ್ವೋ."

"ಈಗ ಅದನ್ನ ಯೋಚ್ನೆ ಮಾಡ್ಬೇಡ."

"ಮಾಡ್ಬೇಡ ಅಂದ್ರೆ ನಿಲ್ತದಾ? ಜೋರಾಗಿ ಓಡ್ಸು."

ಪಾವಗಡದಲ್ಲಿ ದಾರಿ ಕೇಳಿಕೊಂಡು, ಇನ್ನೂ ಒಳಗೆ ಹೋಗಿ, ನರಸಮ್ಮನ ಹೊಲದ ಬದುವಿನ ಮೇಲೆ ನಿಂತೆವು. ಬಿತ್ತನೆ ನಡೆದಿತ್ತು. ಒಬ್ಬ ಮುದುಕ, "ಎವರಪ್ಪಾ ಮೀರು? ಏಂ ಕಾವಾಲ?" ಎಂದು ತೆಲುಗಿನಲ್ಲಿ ನಾವು ಯಾರು, ಏನು ಬೇಕು ಅಂತ ವಿಚಾರಿಸುತ್ತ ಕೂರಿಗೆ ನಿಲ್ಲಿಸಿದ. ಸಹನಾ ದೂರದಿಂದಲೇ ಗುರುತಿಸಿ ಓಡಿ ಬಂದಳು. ರಾಜು ಏದುಸಿರಿನಲ್ಲೇ ಹೇಳಿದ: "ಸೀಟ್ ಬಂದೈತೆ ಕಣವ್ವ. ಇವತ್ತೇ, ಈಗ್ಲೇ ಹೊರಡ್ಬೇಕು. ಆಧಾರ್ ಕಾರ್ಡ್ ತಗೋ."

ಹುಡುಗಿ ಹೊರಟೇಬಿಟ್ಟಿದ್ದಳು. ನರಸಮ್ಮ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

"ಯಾರೇ ಇವ್ರು?"

"ನಮ್ಮೂರ ಡೇರಿ ರಾಜು ಮಾವ, ಚಿಕ್ಕಮ್ಮ. ಮೈಕಲ್ಲಿ ಹೇಳ್ತಾರೆ ಅಂದಿದ್ನಲ್ಲ, ಅವ್ರೇ."

"ಆಧಾರ್ ತಗೋ, ಈಗ್ಲೇ ಹೊರಡು ಅಂದ್ರೆ ಕಳ್ಳ ಅಂತ ಮೈಕಲ್ಲಿ ಹೇಳೋರು ಇವ್ರೇನಾ?"

ಮುದುಕ ಕಿಸಕ್ಕನೆ ನಕ್ಕ. ರಾಜು ತನ್ನ ಫೋನು ಚಾಚಿದ. "ತಗಳ್ಳವ್ವ, ಸಿಗ್ನಲ್ ಇರೋ ಕಡೆ ಬಾ, ಪಾಪಕ್ಕನ ಕೈಲೇ ಮಾತಾಡುಸ್ತೀನಿ."

"ನಿನ್ ಫೋನಲ್ಲಿ ನೀನು ಯಾರನ್ ಬೇಕಾದ್ರೂ ಮಾತಾಡುಸ್ತೀಯ ಕಣಣ್ಣ. ಬೇಜಾರ್ ಮಾಡ್ಕಬೇಡ, ವಯಸ್ಸಿಗ್ ಬಂದ ಹುಡುಗಿ. ನನ್ ಫೋನಲ್ಲಿ ಅವರಜ್ಜಿ ನಂಬರ್ ಐತೆ, ನಾನೇ ಮಾಡ್ತೀನಿ. ಅಲ್ಲಿಗಂಟ ಇಬ್ರೂ ಇಲ್ಲೇ ನಿಂತಿರಿ."

ಅವಳು ಸಹನಾಳನ್ನೂ ಎಳೆದುಕೊಂಡು ಕೆರೆ ಏರಿ ಹತ್ತಿ ಹೋದಳು. ಏರಿಯ ಮೇಲೆ ಫೋನು ಎತ್ತಿ ಹಿಡಿದು ಅತ್ತಿತ್ತ ನಡೆಯುವುದು ಕಾಣುತ್ತಿತ್ತು. ಹೊತ್ತು ಹೋಗುತ್ತಿತ್ತು. ರಾಜು ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿದ, ಕಲ್ಲು ಒದ್ದ, ಬೈಕಿನ ಕನ್ನಡಿ ಒರೆಸಿದ. ನಾನು ಬೇಸರದಿಂದ, "ಎಂಥ ಹೆಂಗಸಪ್ಪ ಇವಳು" ಎಂದೆ. ಅವನು ನಿಂತ. ಏರಿಯ ಕಡೆ ನೋಡುತ್ತಲೇ ಹೇಳಿದ:

"ಸುಮ್ನಿರ್ಲಾ. ಅವ್ಳು ನಮ್ಮನ್ನ ನಂಬ್ಲೂ ಇಲ್ಲ, ಬೈಲೂ ಇಲ್ಲ. ತನಗೆ ಗೊತ್ತಿರೋರ್ನ, ತನ್ ಫೋನಲ್ಲೇ ಕೇಳ್ತಾವ್ಳೆ. ನಿನ್ನೆ ನಾನು ಹಾಸ್ಟೆಲ್ ತಾವ ಒಬ್ರನ್ನ ಕೇಳಿದ್ರೆ ಆಯ್ತಿತ್ತು. ನೀನೇ ದಿನಾ ಆ ಗೇಟ್ ಮುಂದೆ ಓಡಾಡ್ತೀಯ. ಒಂದ್ ಫೋನು."

ನಾನು ಬೈಕನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದೆ.

ಏರಿ ಇಳಿಯುವಾಗ ನರಸಮ್ಮ ಓಡುತ್ತಿದ್ದಳು. ಮಧುಗಿರಿ ಬಸ್ಸಿಗೆ ಸಹನಾಳ ಜೊತೆ ತಾನೂ ಹತ್ತಿದಳು. ನಾವು ಬಸ್ಸಿನ ಹಿಂದೆಯೇ ಬಂದೆವು. ಬಸ್ಸು ಊರೂರಿಗೆ ನಿಲ್ಲುತ್ತಿತ್ತು, ಮೂಟೆ ಇಳಿಸುತ್ತಿತ್ತು, ಕಂಡಕ್ಟರು ಚಿಲ್ಲರೆಗೆ ಜಗಳವಾಡುತ್ತಿದ್ದ. ರಾಜು ಒಂದು ಕಡೆ ಬೈಕಿನಿಂದ ಇಳಿದು ಹೋಗಿ ಬಸ್ಸಿನ ಬಾಗಿಲು ತಾನೇ ದಬ್ಬಿ ಮುಚ್ಚಿ, "ರೈಟ್ ರೈಟ್" ಎಂದು ಬಡಿದ. ಮಧುಗಿರಿಯ ಬೆಟ್ಟ ಕಂಡಾಗ ಬಿಸಿಲು ಇಳಿದಿತ್ತು.

ಹಾಸ್ಟೆಲಿನ ಬೆಂಚಿನ ಮೇಲೆ ಪಾಪಕ್ಕ ಮತ್ತು ದೊಡ್ಡಹನುಮಯ್ಯ ನಡುವೆ ಎಲೆಅಡಿಕೆ ಇಟ್ಟುಕೊಂಡು ಹಾಕಿಕೊಳ್ಳುತ್ತಿದ್ದರು. ಹಗಲೆಲ್ಲ ಪಕ್ಕಪಕ್ಕ ಕೂತು ಎಷ್ಟು ಹೊತ್ತು ಮುಖ ತಿರುಗಿಸಿಕೊಂಡಿರಲು ಸಾಧ್ಯ? ಅವನ ಮಗಳು ಪಾಪಕ್ಕನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದಳು. ಗಂಗಾಂಬಿಕಾ ಮೇಡಂ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸಹನಾ ಒಳಗೆ ಓಡಿದಳು. ಅವಳ ಕೈಯಲ್ಲಿ ಹೊಲದ ಮಣ್ಣು ಇನ್ನೂ ಇತ್ತು. ಚೇತನ್ ಅವಳಿಗೆ ಪೆನ್ನು ಕೊಟ್ಟ.

ಪಾಪಕ್ಕ ಅವನ ಮುಂದೆ ಹೋಗಿ ನಿಂತಳು. "ಬೈದಿದ್ದು ವಾಪಸ್ ತಗಳ್ಳಾಕೆ ಬರಲ್ಲ ಕಣಪ್ಪ. ನಿಮ್ಮವ್ವನ್ ತಾವ ಕರ್ಕಂಡೋಗು, ಎದುರಿಗೇ ಹೇಳ್ತೀನಿ."

"ಬೇಡ ಅಜ್ಜಿ" ಎಂದ ಹುಡುಗ. "ಅಮ್ಮ ನಿಮ್ ಬೈಗುಳ ಎಲ್ಲಾ ಕಲ್ತಿದ್ದಾರೆ. ಆಗ್ಲೇ ನಮ್ಮಪ್ಪನ ಮೇಲೆ ಬಿಡ್ತಿದ್ದಾರೆ."

ಎಲ್ಲರೂ ನಕ್ಕರು, ರಾಜು ಒಬ್ಬನನ್ನು ಬಿಟ್ಟು. ಅವನು ಬೆಂಚಿನ ಕಡೆ ನೋಡುತ್ತಿದ್ದ. ದೊಡ್ಡಹನುಮಯ್ಯ ಮಗಳನ್ನು ಎಬ್ಬಿಸಿ, ಟ್ರಂಕು ತಲೆಗೇರಿಸಿ, ಹಾಸಿಗೆಯನ್ನು ಅವಳ ಕೈಗೆ ಕೊಟ್ಟು ಗೇಟಿನ ಕಡೆ ನಡೆದಿದ್ದ. ರಾಜು ಹಿಂದೆಯೇ ಓಡಿ ಹಾಸಿಗೆ ಸುರುಳಿ ತಾನು ಹಿಡಿದುಕೊಂಡ. ಬಸ್‌ಸ್ಟ್ಯಾಂಡಿನವರೆಗೆ ಹೋದ. ಆ ಮನುಷ್ಯ, "ನಿಮ್ ಮಗೀಗೆ ಸಿಕ್ತಲ್ಲ ಬುಡಿ ಸಾಮಿ, ಅದೂ ಓದೋ ಮಗಾನೇ" ಎಂದನಂತೆ. ರಾಜು ಅವನ ನಂಬರು ಕೇಳಿ ಪಡೆದುಕೊಂಡು ಬಂದ.

ಮರುದಿನ ಮೈಕಿನಲ್ಲಿ ಅವನ ದನಿ ಸಣ್ಣದಾಗಿತ್ತು. "ಮೊನ್ನೆ ನಾನು ಕೂಗಿದ ನಂಬರು ಕಳ್ಳರದಲ್ಲ. ತಪ್ಪು ನನ್ನದು. ಆ ನಂಬರಿಂದ ಬಂದರೆ ಎತ್ತಿ, ದೂರು ಹಾಕಿರೋರು ನನ್ ಹತ್ರ ಬನ್ನಿ." ಆಮೇಲೆ ಎಂದೂ ಅವನು ಮೈಕಿನಲ್ಲಿ ನಂಬರು ಸಾರಲಿಲ್ಲ. ಫೋನು ಚಾಚಿದವರಿಗೆ, ಮೆಸೇಜಿನಲ್ಲಿರುವ ಲಿಂಕನ್ನೂ ನಂಬರನ್ನೂ ಮುಟ್ಟಬೇಡಿ, ಬ್ಯಾಂಕಾದರೆ ಬ್ಯಾಂಕಿಗೆ ಹೋಗಿ, ಆಫೀಸಾದರೆ ಆಫೀಸಿನಲ್ಲಿ ಗೊತ್ತಿರುವವರನ್ನು ಕೇಳಿ, ದೂರು ಅದಾದ ಮೇಲೆ ಎನ್ನುತ್ತಿದ್ದ. ಸಂಜೆ ಹಾಲು ಕಳಿಸಿದ ಮೇಲೆ ಮನೆಮನೆಗೆ ಹೋಗಿ, ಹಿಂದೆ ತಾನು ಸುಳ್ಳು ಎಂದು ಅಳಿಸಿಹಾಕಿಸಿದ ಮೆಸೇಜುಗಳಲ್ಲಿ ಏನಿತ್ತು, ನೆನಪಿದೆಯೇ ಎಂದು ಕೇಳುತ್ತಿದ್ದ. ಜನಕ್ಕೆ ನೆನಪಿರಲಿಲ್ಲ. ಅವನು ಮತ್ತೆ ಕೇಳುತ್ತಿದ್ದ. ಒಬ್ಬಳಿಗೆ ಹೊಲಿಗೆ ತರಬೇತಿಯ ಕರೆ ನಿಜವಾಗಿಯೂ ಬಂದಿತ್ತೆಂದು ಹೀಗೆ ಗೊತ್ತಾಯಿತು. ಅದಕ್ಕಾಗಿ ಶಿರಾಕ್ಕೆ ಅಲೆದ, ತಡವಾಗಿತ್ತು. ಅದನ್ನು ಅವನು ಮರೆಯಲಿಲ್ಲ. ಎದೆ ನೋವು ಎಂದು ಅವನು ಮೊದಲು ಹೇಳಿದ್ದೂ ಆ ದಿನಗಳಲ್ಲೇ. "ಡಾಕ್ಟ್ರಿಗೆ ತೋರ್ಸು" ಎಂದರೆ, "ಈ ವಾರ ಬೇಡ" ಎನ್ನುತ್ತಿದ್ದ.

ಚೇತನ್‌ಗೆ ಪ್ರತಿದಿನ ಫೋನು ಮಾಡುತ್ತಿದ್ದ. ಮೂರನೆಯ ಪಟ್ಟಿ ಬಂತಾ, ಯಾರಾದರೂ ಸೀಟು ಬಿಟ್ಟರಾ? ಒಂದು ದಿನ ಯಾವುದೋ ಹುಡುಗಿ ಬೇರೆ ಊರಿಗೆ ಹೋಗಿ ಸೀಟು ಖಾಲಿಯಾಯಿತು. ಅವತ್ತು ನಾನು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ. ಕೊರಟಗೆರೆ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟಿದ್ದ.

"ಚೇತನ್ ದೊಡ್ಡಹನುಮಯ್ಯಂಗೆ ಮೆಸೇಜ್ ಹಾಕಿಲ್ವಾ?" ಎಂದೆ.

"ಹಾಕವ್ನೆ. ನಾನೂ ಫೋನ್ ಮಾಡ್ದೆ, ಎತ್ತಲಿಲ್ಲ. ಗೊತ್ತಿಲ್ದಿರೋ ನಂಬರು, ಇವತ್ತೇ ಬಾ, ಆಧಾರ್ ತಗೊಂಬಾ. ನೀನಾಗಿದ್ರೆ ನಂಬ್ತಿದ್ಯೇನ್ಲಾ? ಮುಖ ನೋಡಿದ್ರೆ ನಂಬ್ತಾನೆ, ನಾನೇ ಹೋಗ್ತೀನಿ."

ಬಸ್ಸು ಹೊರ ತಿರುಗುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ. ಸೀಟು ಖಾಲಿಯಿತ್ತು, ಕೂರಲಿಲ್ಲ.

ದೊಡ್ಡಹನುಮಯ್ಯನ ಮಗಳು ಮತ್ತು ಸಹನಾ ಈಗ ಒಂದೇ ಕೋಣೆಯಲ್ಲಿದ್ದಾರೆ. ರಾಜುವಿನ ತಿಥಿಗೆ ದೊಡ್ಡಹನುಮಯ್ಯ ಕೊರಟಗೆರೆಯಿಂದ ಬೆಳಿಗ್ಗೆಯೇ ಬಂದ. ನಮ್ಮೂರಿನಲ್ಲಿ ಹೆಚ್ಚಿನವರಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಊಟಕ್ಕೆ ಕೂರಪ್ಪ ಎಂದು ಪಾಪಕ್ಕ ಕೈ ಹಿಡಿದು ಎಳೆದರೂ ಕೂರದೆ, ಟವಲು ಸೊಂಟಕ್ಕೆ ಕಟ್ಟಿಕೊಂಡು, ಕೊನೆಯ ಪಂಕ್ತಿ ಏಳುವವರೆಗೆ ಬಂದವರಿಗೆಲ್ಲ ಊಟದ ಎಲೆ ಹಾಕಿದ.